ಗೆಜ್ಜೆ ನಾನೇ ಕಳೆದೆ ಅಂತ ಹೇಳು ಅಜ್ಜಿ

ಈ ಸಲ ಮೂರು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದು ಅಜ್ಜಿಯದು, ಒಂದು ಸೋದರಮಾವನದು, ಇನ್ನೊಂದು ಒಬ್ಬ ತಾಯಿಯದು. ಮೂರು ಮನೆಯಲ್ಲೂ ಹೆತ್ತವರಲ್ಲಿ ಒಬ್ಬರು ನಶೆಗೆ ಬಿದ್ದಿದ್ದಾರೆ, ಮಕ್ಕಳನ್ನು ನೆಂಟರು ಸಾಕುತ್ತಿದ್ದಾರೆ. ಹೆಸರುಗಳನ್ನು ಬಿಟ್ಟಿದ್ದೇನೆ, ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಆ ಪತ್ರ ಓದಿ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 61 ವರ್ಷ. ಭದ್ರಾವತಿ ಹತ್ತಿರ ನಮ್ಮ ಮನೆ. ಯಜಮಾನರು ನಿವೃತ್ತರು. ಒಬ್ಬನೇ ಮಗ, ಬೆಂಗಳೂರಿನಲ್ಲಿ ಕಾರು ಓಡಿಸುತ್ತಿದ್ದ. ಮೊದಲು ಗಾಂಜಾ ಅಂದರು. ಆಮೇಲೆ ನೋವಿನ ಮಾತ್ರೆ ಪುಡಿ ಮಾಡಿ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಾನೆ ಅಂತ ಗೊತ್ತಾಯಿತು. ಸೊಸೆ ಎರಡು ವರ್ಷ ಸಹಿಸಿದಳು. ಈಗ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಾ ಪಿಜಿಯಲ್ಲಿದ್ದಾಳೆ. ತಿಂಗಳಿಗೆ ಐದು ಸಾವಿರ ಕಳಿಸುತ್ತಾಳೆ, ಆದಾಗ ಬರುತ್ತಾಳೆ. ಒಂದೂವರೆ ವರ್ಷದಿಂದ ಮಕ್ಕಳಿಬ್ಬರೂ ನಮ್ಮ ಹತ್ತಿರವೇ. ಮೊಮ್ಮಗಳಿಗೆ 9, ಮೊಮ್ಮಗನಿಗೆ 4. ಅಪ್ಪನಿಗೆ ನೈಟ್ ಡ್ಯೂಟಿ, ಅದಕ್ಕೇ ಬಂದಾಗೆಲ್ಲ ಸುಸ್ತು ಅಂತ ಮಕ್ಕಳಿಗೆ ಹೇಳಿದ್ದೇವೆ.

ದಸರಾಕ್ಕೆ ಬಂದವನು ಎರಡು ದಿನ ಮಲಗಿದ್ದು ಹೋದ. ಅವನು ಹೋದ ಮೇಲೆ ನೋಡಿದರೆ ಬೀರುವಿನಲ್ಲಿ ಮೊಮ್ಮಗಳ ಬೆಳ್ಳಿ ಗೆಜ್ಜೆ ಇಲ್ಲ. ನಾನು ಕೂಗಾಡಿದೆ. ಅವಳು ಬಂದು ನನ್ನ ಸೆರಗು ಹಿಡಿದು, "ಗೆಜ್ಜೆ ನಾನೇ ಕಳೆದೆ ಅಂತ ಹೇಳು ಅಜ್ಜಿ, ಅಪ್ಪನಿಗೆ ಬೈಬೇಡ" ಅಂದಳು. ಅವತ್ತಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಅವಳಿಗೆ ಏನು ಹೇಳಲಿ? ಅವನನ್ನು ಮನೆಗೆ ಸೇರಿಸಲೋ ಬೇಡವೋ? ಶಾಲೆಯವರು ತಂದೆಯ ಸಹಿ ಕೇಳುತ್ತಾರೆ. ನಾಳೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಅಂದರೆ ಏನು ಮಾಡಲಿ? ಸಲಿಗೆ ಕೊಟ್ಟು ನೀವೇ ಕೆಡಿಸಿದಿರಿ ಅಂತ ಊರವರು ಆಡುತ್ತಾರೆ. ಯಜಮಾನರು ಅವನ ಹೆಸರು ಎತ್ತಿದರೆ ಎದ್ದು ಹೊರಗೆ ಹೋಗುತ್ತಾರೆ. ನನಗೆ ಮಂಡಿ ನೋವು, ಬಿಪಿ. ಎಷ್ಟು ದಿನ ಮಾಡಲಿ ಅಕ್ಕಾ?

ಉತ್ತರ: ನೀವು ನನಗಿಂತ ಮೂರೇ ವರ್ಷ ಚಿಕ್ಕವರು. ತಂಗಿ ಅಂತಲೇ ಕರೆಯುತ್ತೇನೆ.

ನಶೆ ಬಿಡಿಸುವ ವಾರ್ಡಿನಲ್ಲಿ ಆಪ್ತಸಮಾಲೋಚಕಿಯಾಗಿ ದುಡಿದು ನಿವೃತ್ತಿಯಾದವಳು ನಾನು. ಆದರೆ ನಿಮ್ಮ ಪತ್ರಕ್ಕೆ ಆ ಕೆಲಸದಿಂದ ಉತ್ತರ ಕೊಡುತ್ತಿಲ್ಲ. ಅದಕ್ಕೂ ಮೊದಲಿನ ಮಾತಿದು. ನನ್ನ ತಮ್ಮ ಬೆಂಗಳೂರಿನಲ್ಲಿ ಬ್ರೌನ್ ಶುಗರ್ ಅನ್ನುವ ಕಲಬೆರಕೆ ಹೆರಾಯಿನ್‌ಗೆ ಬಿದ್ದಿದ್ದ. 1990ರಲ್ಲಿ ಅವನ ಮಗಳನ್ನು ನಾನು ಮನೆಗೆ ಕರೆತಂದೆ. ಅವಳಿಗೆ ಆಗ ಆರು ವರ್ಷ, ನನಗೆ ಇಪ್ಪತ್ತೊಂಬತ್ತು. ಅಪ್ಪ ಬಾಂಬೆಯಲ್ಲಿ ಕೆಲಸಕ್ಕಿದ್ದಾರೆ ಅಂತ ಹೇಳಿದ್ದೆ. ಅವನೂ ತಿಂಗಳಿಗೋ ಎರಡು ತಿಂಗಳಿಗೋ ಬರುತ್ತಿದ್ದ.

ಆ ಮಗುವಿಗೆ ಒಂದು ಅಭ್ಯಾಸ ಇತ್ತು. ಶಾಲೆಯಿಂದ ಬಂದವಳು ನೇರ ಒಳಗೆ ಬರುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ನೋಡುತ್ತಿದ್ದಳು. ಅಪ್ಪನ ಚಪ್ಪಲಿ ಜೋಡಿಯಾಗಿ ಇದ್ದರೆ ಓಡಿ ಒಳಗೆ ಬರುತ್ತಿದ್ದಳು. ಒಂದು ಇಲ್ಲಿ, ಒಂದು ಅಲ್ಲಿ, ಇಲ್ಲವೇ ಮಗುಚಿ ಬಿದ್ದಿದ್ದರೆ ಬ್ಯಾಗು ಎದೆಗೆ ಒತ್ತಿಕೊಂಡು ಹಿತ್ತಲಿನ ಬಾಗಿಲಿನಿಂದ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂರುತ್ತಿದ್ದಳು. ಅದು ನನಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ನಾನು ಬಾಂಬೆ ಕಥೆ ಹೇಳಿಕೊಂಡು ಕೂತಿದ್ದೆ. ಆ ಮಗು ಚಪ್ಪಲಿ ನೋಡಿ ಅಪ್ಪನ ಸ್ಥಿತಿ ಓದುತ್ತಿತ್ತು. ಕೊನೆಗೆ ನಿಜ ಹೇಳಿದವನು ಎದುರುಮನೆಯ ಹುಡುಗ. ಶಾಲೆಯ ನಲ್ಲಿಯ ಹತ್ತಿರ, ಎಲ್ಲರೆದುರಿಗೆ, ಅವನ ಅಪ್ಪ ಅಮ್ಮ ಆಡಿಕೊಂಡ ಮಾತಿನಲ್ಲೇ ಹೇಳಿದ. ಅವಳು ಮನೆಗೆ ಬಂದು, "ಅತ್ತೆ, ನಿಮಗೂ ಗೊತ್ತಿತ್ತಾ?" ಅಂತ ಕೇಳಿದಳು. ಮೂವತ್ತು ವರ್ಷ ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಿಮ್ಮ ಮೊಮ್ಮಗಳಿಗೆ ಎಲ್ಲ ಗೊತ್ತು ತಂಗಿ. ಗೆಜ್ಜೆ ಯಾರು ತೆಗೆದದ್ದು ಅಂತ ಗೊತ್ತಿರುವುದಕ್ಕೇ ಅಲ್ವಾ ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದು? ಒಂಬತ್ತು ವರ್ಷದ ಮಗು ಅಪ್ಪನನ್ನೂ ಕಾಪಾಡುತ್ತಿದೆ, ನಿಮ್ಮನ್ನೂ ಕಾಪಾಡುತ್ತಿದೆ. ಆ ಭಾರವನ್ನು ಮೊದಲು ಇಳಿಸಬೇಕು.

ಹೇಗೆ ಹೇಳುವುದು? ಅವಳನ್ನು ಎದುರಿಗೆ ಕೂರಿಸಿಕೊಂಡು, "ನಿನ್ನ ಹತ್ತಿರ ಒಂದು ಮಾತಾಡಬೇಕು" ಅಂತ ಶುರು ಮಾಡಬೇಡಿ, ಮಗು ಹೆದರುತ್ತದೆ. ತಲೆಗೆ ಎಣ್ಣೆ ಹಚ್ಚುವಾಗ ಹೇಳಿ, ಸೊಪ್ಪು ಬಿಡಿಸುವಾಗ ಹೇಳಿ. "ಪುಟ್ಟಿ, ಅಪ್ಪನಿಗೆ ನೈಟ್ ಡ್ಯೂಟಿ ಅಂತ ಹೇಳಿದ್ನಲ್ಲ, ಅದು ನಿಜ ಅಲ್ಲ. ಅಪ್ಪನಿಗೆ ಒಂದು ಕಾಯಿಲೆ ಇದೆ. ಒಂದು ಔಷಧಿ ಜಾಸ್ತಿ ತಗೊಂಡು ತಗೊಂಡು ಈಗ ಅದನ್ನ ಬಿಡೋಕೆ ಆಗ್ತಿಲ್ಲ. ಆ ಕಾಯಿಲೆ ಇದ್ದಾಗ ಸುಳ್ಳು ಹೇಳ್ತಾರೆ, ಮನೆ ಸಾಮಾನು ತಗೊಂಡು ಹೋಗ್ತಾರೆ. ಗೆಜ್ಜೆ ಅಪ್ಪನೇ ತಗೊಂಡಿದ್ದು. ನೀನು ಕಳೆದಿಲ್ಲ. ಅಪ್ಪ ಹೀಗಾಗಿದ್ದು ನಿನ್ನಿಂದ ಅಲ್ಲ. ನೀನು ವಾಸಿ ಮಾಡಬೇಕಾಗೂ ಇಲ್ಲ, ಅದಕ್ಕೆ ಡಾಕ್ಟರ್ ಇದ್ದಾರೆ. ನಿನ್ನ ನೋಡ್ಕೊಳೋಕೆ ನಾನು, ತಾತ, ಅಮ್ಮ ಇದ್ದೀವಿ." ಇಷ್ಟೇ ಸಾಕು. ಅವಳು ಏನೂ ಕೇಳದೆ ಎದ್ದು ಆಟಕ್ಕೆ ಹೋಗಬಹುದು. ಹೋಗಲಿ. ಮೂರು ದಿನ ಬಿಟ್ಟು ಬಸ್ಸಿನಲ್ಲೋ ಮಲಗುವಾಗಲೋ ಕೇಳುತ್ತಾಳೆ. "ಅಪ್ಪ ಸತ್ತು ಹೋಗ್ತಾರಾ?" ಅಂತ ಕೇಳಿದರೆ "ಇಲ್ಲ" ಅಂತ ಆಣೆ ಮಾಡಬೇಡಿ. "ವಾಸಿಯಾಗಲಿ ಅಂತ ನಾವೆಲ್ಲ ಪ್ರಯತ್ನ ಮಾಡ್ತಿದ್ದೀವಿ" ಅನ್ನಿ. "ಅಪ್ಪ ಕೆಟ್ಟವರಾ?" ಅಂತ ಕೇಳಿದರೆ, ಅಪ್ಪ ಮಾಡಿದ್ದು ತಪ್ಪು, ಆದರೆ ನಿನಗೆ ಅಪ್ಪನ ಮೇಲೆ ಪ್ರೀತಿ ಇರೋದು ತಪ್ಪಲ್ಲ ಅಂತ ಹೇಳಿ. ಈ ಕೊನೆಯ ಮಾತನ್ನು ನಾನು ನಮ್ಮ ಹುಡುಗಿಗೆ ಹೇಳಲೇ ಇಲ್ಲ. ಹೇಳಬೇಕಾಗಿತ್ತು.

ಚಿಕ್ಕವನಿಗೆ ನಾಲ್ಕು ವರ್ಷ. "ಅಪ್ಪನಿಗೆ ಹುಷಾರಿಲ್ಲ, ನೀನು ನಮ್ಮ ಮನೇಲೇ ಇರ್ತೀಯ" ಅಂದರೆ ಸಾಕು. ಅವನಿಗೆ ಮಾತಿಗಿಂತ ಹೊತ್ತು ಹೊತ್ತಿಗೆ ಊಟ, ಅದೇ ಹೊದಿಕೆ, ಅದೇ ಜಾಗದಲ್ಲಿ ನಿದ್ದೆ ಮುಖ್ಯ.

ಇನ್ನು ಮಗನನ್ನು ಸೇರಿಸುವ ವಿಷಯ. ಊಟ ಕೊಡಿ, ದುಡ್ಡು ಕೊಡಬೇಡಿ. ಬಸ್ ಚಾರ್ಜಿಗೆ ಅಂದರೂ ಬೇಡ, ಟಿಕೆಟ್ ತೆಗೆದುಕೊಟ್ಟು ಹತ್ತಿಸಿ. ಮಕ್ಕಳನ್ನು ನೋಡಲು ಬರಬಹುದು, ಆದರೆ ಹಗಲು ಹೊತ್ತು, ನಿಮ್ಮಿಬ್ಬರಲ್ಲಿ ಒಬ್ಬರು ಇದ್ದಾಗ, ನಶೆ ಇಲ್ಲದಿದ್ದರೆ ಮಾತ್ರ. ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಅಂದರೂ ಇಲ್ಲ ಅನ್ನಿ. ಇದನ್ನು ಅವನು ಸರಿ ಇರುವ ಹೊತ್ತಿನಲ್ಲಿ, ಮಕ್ಕಳಿಲ್ಲದಾಗ, ಒಮ್ಮೆ ನಿಧಾನವಾಗಿ ಹೇಳಿ. ನಶೆಯಲ್ಲಿ ಇರುವವನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಕೈ ಎತ್ತಿದರೆ ಮಕ್ಕಳು ಯಾವ ಮನೆಗೆ ಓಡಬೇಕು ಅಂತ ಮೊದಲೇ ಪಕ್ಕದವರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ. 112ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ. ಹೆತ್ತ ಮಗನ ಮೇಲೆ ಪೊಲೀಸರಿಗೆ ಫೋನ್ ಮಾಡುವುದಾ ಅಂತ ಅನ್ನಿಸುತ್ತದೆ, ಗೊತ್ತು. ಆ ಹೊತ್ತಿಗೆ ಎರಡು ಮಕ್ಕಳ ಜೀವ ನಿಮ್ಮ ಕೈಯಲ್ಲಿರುತ್ತದೆ.

ಅವನು ಬಂದು ಹೋದ ಮೇಲೆ ಬಚ್ಚಲುಮನೆ, ಹಾಸಿಗೆಯ ಅಡಿ, ಹಿತ್ತಲು ನೋಡಿ. ಸೂಜಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಮುಚ್ಚಳ ಹಾಕಲು ಹೋಗಬೇಡಿ. ಇಕ್ಕಳದಲ್ಲಿ ಹಿಡಿದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ ಆಸ್ಪತ್ರೆಗೆ ಕೊಡಿ. ಸೂಜಿ ಕಂಡರೆ ಮುಟ್ಟದೆ ನಿಮ್ಮನ್ನು ಕೂಗಬೇಕು ಅಂತ ಇಬ್ಬರೂ ಮಕ್ಕಳಿಗೆ ಹೇಳಿಕೊಡಿ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಮಗಳು ನಮ್ಮ ಮನೆಗೆ ಬಂದ ಆರನೇ ವರ್ಷಕ್ಕೆ ನನ್ನ ತಮ್ಮ ನಶೆ ಬಿಡಿಸುವ ಒಂದು ಕೇಂದ್ರದಲ್ಲಿ ಎರಡು ತಿಂಗಳು ಇದ್ದು, ಮೈ ಕೈ ತುಂಬಿಕೊಂಡು ಮನೆಗೆ ಬಂದ. ಮಗಳಿಗೆ ಲೆಕ್ಕ ಹೇಳಿಕೊಟ್ಟ. ನಾವು ಹಬ್ಬ ಮಾಡಿದೆವು. ಹನ್ನೊಂದನೇ ದಿನ ಹಳೇ ಗೆಳೆಯರ ಹತ್ತಿರ ಹೋದ, ಹಿಂದೆ ಎಷ್ಟು ತೆಗೆದುಕೊಳ್ಳುತ್ತಿದ್ದನೋ ಅಷ್ಟೇ ತೆಗೆದುಕೊಂಡ. ಉಸಿರು ನಿಂತುಹೋಯಿತು. ಬ್ರೌನ್ ಶುಗರ್ ಇರಲಿ, ನಿಮ್ಮ ಮಗ ಚುಚ್ಚಿಕೊಳ್ಳುವ ಅಂಥ ಮಾತ್ರೆ ಇರಲಿ, ಕೆಲವು ವಾರ ಬಿಟ್ಟರೆ ದೇಹ ಆ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಳೇ ಅಳತೆಯೇ ಆಗ ಕೊಲ್ಲುತ್ತದೆ. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಕೇಂದ್ರದಿಂದ, ಆಸ್ಪತ್ರೆಯಿಂದ, ಜೈಲಿನಿಂದ ಬಂದ ಮೊದಲ ವಾರಗಳು ಎಲ್ಲಕ್ಕಿಂತ ಅಪಾಯ. ಎಬ್ಬಿಸಿದರೆ ಏಳದೆ, ಉಸಿರು ತೀರಾ ನಿಧಾನವಾಗಿ, ಗೊರಗೊರ ಸದ್ದು ಬಂದು, ತುಟಿ ನೀಲಿಯಾಗಿದ್ದರೆ ಅದು ನಿದ್ದೆ ಅಲ್ಲ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಚಿಕಿತ್ಸೆಗೆ ಎಲ್ಲಿಗೆ? ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಿಂದ ಶುರು ಮಾಡಿ. ಬೆಂಗಳೂರಿನಲ್ಲೇ ಸಿಕ್ಕಿದರೆ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ. ಅವನ ಥರದ ವ್ಯಸನಕ್ಕೆ ಒಳ್ಳೆಯ ಔಷಧಿ ಇದೆ, ಇದನ್ನು ಮೂರನೇ ಪತ್ರದಲ್ಲಿ ಹೇಳುತ್ತೇನೆ. 14446 ನಶೆಮುಕ್ತಿಗೆ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ. 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಕೂಡ. ಮನೆಯವರು ಫೋನ್ ಮಾಡಬಹುದು, ಅವನೇ ಮಾಡಬೇಕೆಂದಿಲ್ಲ. ಆಸ್ಪತ್ರೆಗೆ ಹೋದರೆ ಕೇಸು ಹಾಕುತ್ತಾರೆ ಅನ್ನುವ ಭಯ ಬಹಳ ಜನಕ್ಕೆ ಇದೆ. ರೋಗಿಯ ಗುಟ್ಟು ಕಾಯುವುದು ಆಸ್ಪತ್ರೆಯ ಕರ್ತವ್ಯ. ಅಷ್ಟೇ ಅಲ್ಲ, ಸ್ವಂತ ಬಳಕೆಗೆ ಸಣ್ಣ ಪ್ರಮಾಣ ಇಟ್ಟುಕೊಂಡು ಸಿಕ್ಕಿಬಿದ್ದವರು ತಾವಾಗಿ ಚಿಕಿತ್ಸೆಗೆ ಒಪ್ಪಿದರೆ ಶಿಕ್ಷೆಯ ಬದಲು ಚಿಕಿತ್ಸೆಯ ದಾರಿಯನ್ನು 1985ರ ಮಾದಕ ವಸ್ತುಗಳ ಕಾಯ್ದೆಯೇ ಇಟ್ಟಿದೆ. ಮತ್ತೆ, ಮನೆಗೆ ವ್ಯಾನು ತಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುತ್ತೇವೆ ಅನ್ನುವ ಕೇಂದ್ರಗಳಿಗೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಅದೂ ಅಲ್ಲದೆ, ಮಕ್ಕಳ ಕಣ್ಣೆದುರಿಗೆ ಅಪ್ಪನನ್ನು ಹಾಗೆ ಹೊತ್ತುಕೊಂಡು ಹೋದ ದೃಶ್ಯ ಅವರ ತಲೆಯಿಂದ ಹೋಗುವುದಿಲ್ಲ.

ಶಾಲೆಯ ಸಹಿಗೆ ನಿಮ್ಮ ಸೊಸೆ ಸಾಕು. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯಲ್ಲಿ ತಂದೆ, ಅವನ ನಂತರ ತಾಯಿ ಸಹಜ ಪಾಲಕರು ಅಂತ ಇದೆ. ಆ "ನಂತರ" ಅಂದರೆ ತಂದೆ ಸತ್ತ ಮೇಲೆ ಅಂತ ಮಾತ್ರ ಅರ್ಥವಲ್ಲ, ತಂದೆ ಜವಾಬ್ದಾರಿ ಹೊರದ ಸ್ಥಿತಿಯಲ್ಲಿದ್ದರೂ ತಾಯಿಯೇ ಪಾಲಕಿ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂದಿನ ಸಲ ಸೊಸೆ ಬಂದಾಗ ಶಾಲೆಗೆ ಒಟ್ಟಿಗೆ ಹೋಗಿ. ಮಕ್ಕಳು ಅಜ್ಜಿ ತಾತನ ಜೊತೆ ಇದ್ದಾರೆ, ಇವರಿಬ್ಬರನ್ನು ಬಿಟ್ಟು ಬೇರೆ ಯಾರ ಜೊತೆಗೂ ಕಳಿಸಬೇಡಿ ಅಂತ ಅವಳು ಬರೆದು ಸಹಿ ಹಾಕಿ ಮುಖ್ಯೋಪಾಧ್ಯಾಯರಿಗೆ ಕೊಡಲಿ. ಕ್ಲಾಸ್ ಟೀಚರ್‌ಗೆ ಬಾಯಿಮಾತಿನಲ್ಲೂ ಸ್ವಲ್ಪ ಹೇಳಿ, ಮಗು ಮಂಕಾಗಿದ್ದರೆ ಅವರಿಗೆ ಕಾರಣ ಗೊತ್ತಿರಲಿ.

ಅವನು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಅಂದರೆ? ಇಂಥ ವಿಷಯ ಕೋರ್ಟಿಗೆ ಹೋದಾಗ ಮಗುವಿನ ಹಿತವೇ ದೊಡ್ಡದು, ತಂದೆಯ ಹಕ್ಕು ಅದರ ನಂತರ. ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಗೇ ಸೇರಬೇಕು ಅಂತಲೂ ಕಾನೂನಿದೆ. ಬೇಕಾದರೆ ಸೊಸೆ, ಇಲ್ಲ ಅವಳ ಒಪ್ಪಿಗೆಯಿಂದ ನೀವೇ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಅರ್ಜಿ ಹಾಕಬಹುದು. ವಕೀಲರ ಖರ್ಚಿಗೆ ಹೆದರಬೇಡಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದರೆ ಮುಗಿಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಶಾಲೆಗೆ, ಆಸ್ಪತ್ರೆಗೆ ಉಪಯೋಗವಾದೀತು, ಕೋರ್ಟಿನ ಆದೇಶಕ್ಕೆ ಸಮ ಅಲ್ಲ.

ಊರವರ ಮಾತು. ಒಂದೇ ತಟ್ಟೆಯಲ್ಲಿ ಉಂಡ ಅಣ್ಣ ತಮ್ಮಂದಿರಲ್ಲಿ ಒಬ್ಬ ನಶೆಗೆ ಬಿದ್ದು ಇನ್ನೊಬ್ಬ ಬೀಳದೇ ಇರುವುದನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸಲಿಗೆ ಕೊಟ್ಟವರ ಮಕ್ಕಳೂ ಬಂದಿದ್ದರು, ಬೆಲ್ಟಿನಲ್ಲಿ ಹೊಡೆದು ಬೆಳೆಸಿದವರ ಮಕ್ಕಳೂ ಬಂದಿದ್ದರು. ನೀವು ಕೆಡಿಸಲಿಲ್ಲ ತಂಗಿ.

ಯಜಮಾನರು ಎದ್ದು ಹೊರಗೆ ಹೋಗುತ್ತಾರೆ ಅಂದಿರಿ. ಅವರು ಎಲ್ಲಿ ಅಳಬೇಕು ಹೇಳಿ? ಮಗನ ಬಗ್ಗೆ ಮಾತಾಡಿ ಅಂತ ಬಲವಂತ ಬೇಡ, ಕೆಲಸ ಕೊಡಿ. ಚಿಕ್ಕವನನ್ನು ಅಂಗನವಾಡಿಗೆ ಬಿಡುವುದು, ಕರೆತರುವುದು ಅವರದು. ಸಂಜೆ ಮಗ್ಗಿ ಅವರದು. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ತಿಂಗಳಿಗೆ ಒಂದು ಭಾನುವಾರ ಸೊಸೆ ಬಂದಾಗ ಮಕ್ಕಳನ್ನು ಅವಳಿಗೇ ಬಿಟ್ಟು ನಿಮ್ಮ ಅಕ್ಕನ ಮನೆಗೋ ಗುಡಿಗೋ ಹೋಗಿ ಬನ್ನಿ. ಎಷ್ಟು ದಿನ ಅಂತ ಕೇಳಿದಿರಿ. ನಾನು ಸಾಕಿದ್ದು ಹದಿನೈದು ವರ್ಷ. ಮೊದಲ ಎರಡು ವರ್ಷ ಬಹಳ ಕಷ್ಟ ಆಯಿತು. ಆಮೇಲೆ ಅವಳು ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟಳು.

ಪ್ರಶ್ನೆ: ಮೇಡಂ, ನಾನು ಶಿರಸಿ ಕಡೆಯವನು, ತೋಟದ ಕೂಲಿ. ಅಕ್ಕ ತೀರಿಕೊಂಡು ಮೂರು ವರ್ಷ. ಭಾವ ಗೋವಾದಲ್ಲಿ ಹೋಟೆಲ್ ಕೆಲಸಕ್ಕೆ ಹೋದವನು ನಶೆಗೆ ಬಿದ್ದ, ಈಗ ಎಲ್ಲಿರುತ್ತಾನೋ ಗೊತ್ತಿಲ್ಲ. ಅವನ ಮಗನಿಗೆ 14, ನಮ್ಮಲ್ಲೇ ಇದ್ದು ಒಂಬತ್ತನೇ ಕ್ಲಾಸು ಓದುತ್ತಾನೆ. ನಮಗೂ ಇಬ್ಬರು ಮಕ್ಕಳು. ಅವನೂ ಅಪ್ಪನ ಹಾಗೆ ಆಗುತ್ತಾನೆ ಅಂತ ನನಗೆ ಹೆದರಿಕೆ. ದಿನಾ ಅವನ ಬ್ಯಾಗು ತಪಾಸಣೆ ಮಾಡುತ್ತೇನೆ, ಅಂಗಿ ಮೂಸುತ್ತೇನೆ. ತಪ್ಪು ಮಾಡಿದರೆ "ನಿನ್ನಪ್ಪನ ದಾರಿ ಹಿಡೀತೀಯ" ಅಂತ ಬೈದುಬಿಡುತ್ತೇನೆ. ಈಗ ನನ್ನ ಹತ್ತಿರ ಮಾತೇ ಬಿಟ್ಟಿದ್ದಾನೆ. ಇದು ರಕ್ತದಲ್ಲೇ ಬರುತ್ತದಾ?

ಉತ್ತರ: ತಮ್ಮಾ, ಹೆತ್ತವರಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಅಪಾಯ ಜಾಸ್ತಿ, ಅದು ನಿಜ. ಸ್ವಲ್ಪ ರಕ್ತದಿಂದ ಬರುತ್ತದೆ, ಸ್ವಲ್ಪ ಮನೆಯ ಸ್ಥಿತಿಯಿಂದ. ಆದರೆ ಇದು ಹಣೆಬರಹ ಅಲ್ಲ. ಇಂಥ ಮನೆಗಳಲ್ಲಿ ಹುಟ್ಟಿಯೂ ನಶೆಯ ಗೊಡವೆಗೆ ಹೋಗದ ಮಕ್ಕಳು ಬೇಕಾದಷ್ಟಿದ್ದಾರೆ. ನಾನು ಸಾಕಿದವಳು ಈಗ ಮೈಸೂರಿನಲ್ಲಿ ಟೀಚರ್.

"ನಿನ್ನಪ್ಪನ ದಾರಿ" ಅನ್ನುವ ಮಾತನ್ನು ಇವತ್ತೇ ಬಿಟ್ಟುಬಿಡಿ. ಅಮ್ಮನನ್ನು ಕಳೆದುಕೊಂಡ ಹುಡುಗ. ಇರುವ ಒಬ್ಬ ಅಪ್ಪ ಎಲ್ಲಿದ್ದಾನೋ ಗೊತ್ತಿಲ್ಲ. ತಾನೂ ಹಾಗೇ ಆಗುತ್ತೇನೆ ಅನ್ನುವ ಭಯ ಅವನೊಳಗೆ ನಿಮಗಿಂತ ಜಾಸ್ತಿ ಇದೆ. ನೀವು ಹೇಳಿದಾಗೆಲ್ಲ ಮಾವನೂ ಹಾಗೇ ಅಂದುಕೊಂಡಿದ್ದಾನೆ ಅಂತ ಅದು ಗಟ್ಟಿಯಾಗುತ್ತದೆ. ಅಂಗಿ ಮೂಸುವುದನ್ನೂ ನಿಲ್ಲಿಸಿ. ನೋಡಬೇಕಾದದ್ದು ಬೇರೆ ಇದೆ: ನಿದ್ದೆ ಹಗಲು ರಾತ್ರಿ ತಲೆಕೆಳಗಾಯಿತಾ, ದುಡ್ಡು ಲೆಕ್ಕಕ್ಕೆ ಸಿಗುತ್ತಿಲ್ವಾ, ಹಳೇ ಗೆಳೆಯರು ಇದ್ದಕ್ಕಿದ್ದಂತೆ ಮಾಯವಾದರಾ, ಆಟ ಬಿಟ್ಟನಾ? ಅಂಥದ್ದು ಕಂಡರೆ ಬೈಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮಾತು ಬಿಟ್ಟವನನ್ನು ಎದುರಿಗೆ ನಿಲ್ಲಿಸಿ ಮಾತಾಡಿಸಲು ಆಗುವುದಿಲ್ಲ. ನಿಮ್ಮ ಕಡೆ ಕೊಯ್ಲಿನ ಕಾಲದಲ್ಲಿ ರಾತ್ರಿ ಕೂತು ಅಡಿಕೆ ಸುಲಿಯುತ್ತೀರಲ್ಲ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈ ಮೆಟ್ಟುಗತ್ತಿಯ ಮೇಲೆ, ಕಣ್ಣು ಅಡಿಕೆಯ ಮೇಲೆ ಇರುವಾಗ ಗಂಡುಮಕ್ಕಳಿಗೆ ಮಾತು ಸಲೀಸು. ಉಪದೇಶ ಬೇಡ. ಅವನ ಅಮ್ಮ ಚಿಕ್ಕವಳಿದ್ದಾಗಿನ ಒಂದು ಕಥೆ ಹೇಳಿ. ನಿಮ್ಮ ಅಕ್ಕನ ಬಗ್ಗೆ ಆ ಮನೆಯಲ್ಲಿ ಗೊತ್ತಿರುವವರು ನೀವೊಬ್ಬರೇ. ಆಮೇಲೆ ಯಾವತ್ತೋ ಒಂದು ದಿನ, "ನಾನು ಹಾಗೆ ಬೈದದ್ದು ತಪ್ಪಾಯ್ತು, ನನಗೆ ಹೆದರಿಕೆ ಆಗ್ತದೆ ಅದಕ್ಕೆ" ಅಂತ ಹೇಳಿ. ಅಳಿಯನ ಹತ್ತಿರ ತಪ್ಪು ಒಪ್ಪಿಕೊಂಡರೆ ಮಾವನ ಗೌರವ ಹೋಗುವುದಿಲ್ಲ.

ದುಡ್ಡಿನ ವಿಷಯ ನೀವು ಕೇಳಲಿಲ್ಲ, ಆದರೆ ನಾನು ಹೇಳುತ್ತೇನೆ. ಮಿಷನ್ ವಾತ್ಸಲ್ಯ ಅಂತ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಇದೆ. ಅದರ ಪ್ರಾಯೋಜಕತ್ವದಲ್ಲಿ, ತಂದೆ ತಾಯಿ ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದೆ ನೆಂಟರ ಮನೆಯಲ್ಲಿ ಬೆಳೆಯುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಅವಕಾಶ ಇದೆ. ಹಳ್ಳಿಯಲ್ಲಿ ಕುಟುಂಬದ ಆದಾಯ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ಮೀರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ನಿಮಗೆ ಅದು ಕಾರವಾರ. ಸುಮ್ನೆ ಅಷ್ಟು ದೂರ ಓಡಬೇಡಿ. ಮೊದಲು ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು, ಶಿರಸಿಯಲ್ಲೇ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯನ್ನು ಕೇಳಿ. ಅಕ್ಕನ ಮರಣ ಪ್ರಮಾಣಪತ್ರ, ಹುಡುಗನ ಆಧಾರ್, ಶಾಲೆಯ ದೃಢೀಕರಣ, ಆದಾಯ ಪತ್ರ ಜೋಡಿಸಿ ಇಟ್ಟುಕೊಳ್ಳಿ. ದಾರಿ ಕಾಣದಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಇದು ಭಿಕ್ಷೆಯಲ್ಲ, ಆ ಹುಡುಗನ ಪಾಲು. ಆದರೆ ಆ ದುಡ್ಡಿನ ಮಾತು ಅವನ ಎದುರು ಆಡಬೇಡಿ. ತನ್ನಿಂದ ಮಾವನ ಮನೆಗೆ ಹೊರೆ ಅಂತ ಅವನು ಈಗಾಗಲೇ ಎಣಿಸುತ್ತಿರುತ್ತಾನೆ.

ಪ್ರಶ್ನೆ: ಅಕ್ಕಾರ, ನಾನು ಹುಬ್ಬಳ್ಳಿಯಾಕಿ, 31 ವರ್ಷ. ಆಪರೇಷನ್ ಆದ ಮೇಲೆ ನೋವಿಗೆ ಅಂತ ಶುರುವಾದ ಇಂಜೆಕ್ಷನ್ ಬಿಡಲಿಕ್ಕೆ ಆಗಲಿಲ್ಲ. ಗಂಡ ಬಿಟ್ಟುಹೋದ. ಎರಡು ವರ್ಷದ ಮಗಳನ್ನು ಅಕ್ಕ ಧಾರವಾಡಕ್ಕೆ ಕರೆದುಕೊಂಡು ಹೋದಳು. ಈಗ ಮಗಳಿಗೆ ಐದು. ನಾನು ಚಿಕಿತ್ಸೆ ತೆಗೆದುಕೊಂಡು ಎಂಟು ತಿಂಗಳಾಯಿತು, ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಟ್ಟಿದ್ದಾರೆ. ಟೇಲರಿಂಗ್ ಮಾಡುತ್ತೇನೆ. "ಒಂದು ಚಟ ಬಿಟ್ಟು ಇನ್ನೊಂದು ಹಿಡಿದಾಳ" ಅಂತ ಮಂದಿ ಆಡುತ್ತಾರೆ. ಭಾನುವಾರ ಮಗಳನ್ನು ನೋಡಲು ಹೋದರೆ ಆಕಿ ನಮ್ಮ ಅಕ್ಕನ್ನ "ಅವ್ವ" ಅಂತಾಳ, ನನಗೆ "ಮಮ್ಮಿ" ಅಂತಾಳ, ಹತ್ತಿರ ಬರಂಗಿಲ್ಲ. ಮಗಳನ್ನು ಈಗ ವಾಪಸ್ ಕರೆದುಕೊಳ್ಳಲೇ? ಅಕ್ಕ ಭಾಳ ಮಾಡ್ಯಾಳ, ಆದರೂ ಹೊಟ್ಟೆ ಉರಿಯುತ್ತದೆ.

ಉತ್ತರ: ಈ ಪತ್ರ ಬರೆಯಲು ನಿಮಗೆ ಎಷ್ಟು ಧೈರ್ಯ ಬೇಕಾಯಿತು ಅಂತ ನನಗೆ ಗೊತ್ತು ತಂಗಿ. ಗಂಡಸು ನಶೆಗೆ ಬಿದ್ದರೆ ಹೆಂಡತಿ ಆಸ್ಪತ್ರೆಗೆ ಕರೆತರುತ್ತಾಳೆ. ಹೆಂಗಸು ಬಿದ್ದರೆ ಒಬ್ಬಳೇ ಬರುತ್ತಾಳೆ. ನಮ್ಮ ವಾರ್ಡಿನಲ್ಲಿ ನಾನು ಕಂಡದ್ದು ಹಾಗೇ.

ಮೊದಲು ಮಾತ್ರೆಯ ಮಾತು. ನಾಲಿಗೆ ಕೆಳಗೆ ಇಡುವುದು ಬ್ಯುಪ್ರೆನಾರ್ಫಿನ್ ಇರಬೇಕು. ಅದು ಇನ್ನೊಂದು ಚಟವಲ್ಲ, ಚಿಕಿತ್ಸೆ. ಮೈ ನಡುಕ, ನೋವು, ತೆವಲು ತಡೆದು, ಮನುಷ್ಯ ಎದ್ದು ಕೆಲಸಕ್ಕೆ ಹೋಗುವ ಹಾಗೆ ಮಾಡುತ್ತದೆ. ಜೀವವನ್ನೂ ಉಳಿಸುತ್ತದೆ. ನನ್ನ ತಮ್ಮನಿಗೆ ಅದು ಸಿಕ್ಕಿದ್ದರೆ ಅಂತ ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ. ಮಂದಿ ಮಾತಿಗೆ ನೀವಾಗಿ ನಿಲ್ಲಿಸಬೇಡಿ. ಕಡಿಮೆ ಮಾಡುವುದು, ಬಿಡುವುದು ಎಲ್ಲ ಡಾಕ್ಟರ್ ಹೇಳಿದ ಮೇಲೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ, ಮಗಳನ್ನು ನೋಡಲು ಹೋಗುವ ಊರೇ. ಮಾತ್ರೆಯನ್ನು ಮಾತ್ರ ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿ ಇಡಿ.

ಮಗಳನ್ನು ಈಗಲೇ ಕರೆದುಕೊಳ್ಳಬೇಡಿ. ಈ ಮಾತು ನಿಮಗೆ ನೋವು ಕೊಡುತ್ತದೆ, ಗೊತ್ತಿದ್ದೇ ಹೇಳುತ್ತಿದ್ದೇನೆ. ಎರಡನೇ ವಯಸ್ಸಿನಿಂದ ಆ ಮಗು ಕಂಡ ಮನೆ ಅದು. ಅಲ್ಲಿಂದ ಒಮ್ಮೆಲೇ ಕಿತ್ತರೆ ಅವಳಿಗೆ ತಾಯಿ ಸಿಕ್ಕ ಹಾಗೆ ಆಗುವುದಿಲ್ಲ, ಎರಡನೇ ಸಲ ತಾಯಿ ಹೋದ ಹಾಗೆ ಆಗುತ್ತದೆ. ಭಾನುವಾರದ ಭೇಟಿ ಒಂದೂ ತಪ್ಪದಿರಲಿ. ಹತ್ತು ಗಂಟೆ ಅಂದರೆ ಹತ್ತು ಗಂಟೆ. ಬರಲು ಆಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಮಗಳಿಗೇ ಹೇಳಿ. ಕೆಲವು ತಿಂಗಳು ಹಾಗೆ ನಡೆದರೆ ವಾರದ ನಡುವೆ ಒಂದು ಸಂಜೆ. ಆಮೇಲೆ ಅಕ್ಕನೂ ಜೊತೆಗೆ ಬಂದು ನಿಮ್ಮ ಮನೆಯಲ್ಲಿ ಒಂದು ರಾತ್ರಿ. ವಾಪಸ್ ಕರೆದುಕೊಳ್ಳುವ ಮಾತನ್ನು ಅದಾದ ಮೇಲೆ, ನೀವು, ಅಕ್ಕ, ನಿಮ್ಮ ಡಾಕ್ಟರ್ ಮೂವರೂ ಕೂತು ಆಡಿ. ನಡುವೆ ಒಮ್ಮೆ ಜಾರಿದರೆ ಮುಚ್ಚಿಡಬೇಡಿ. ಅಕ್ಕನಿಗೆ ಹೇಳಿ, ಆಸ್ಪತ್ರೆಗೆ ಹೋಗಿ, ಮುಂದಿನ ಭಾನುವಾರ ಸರಿ ಇದ್ದರೆ ಮಾತ್ರ ಮಗಳ ಹತ್ತಿರ ಹೋಗಿ.

"ಅವ್ವ" ಅನ್ನುವುದನ್ನು ತಿದ್ದಬೇಡಿ. ಆಕಿ ದೊಡ್ಡವ್ವ, ನಾನು ಅವ್ವ ಅಂತ ಐದು ವರ್ಷದ ಮಗುವಿಗೆ ಪಾಠ ಹೇಳಿದರೆ ಅದು ಇಬ್ಬರಲ್ಲಿ ಒಬ್ಬರನ್ನು ಬಿಡಬೇಕೇನೋ ಅಂತ ಹೆದರುತ್ತದೆ. ಎರಡು ಹೆಸರಿಗೂ ಅವಳಲ್ಲಿ ಜಾಗ ಇದೆ. ಹೊಟ್ಟೆ ಉರಿದರೆ ಉರಿಯಲಿ, ಅದನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಿ, ಅಕ್ಕನ ಮೇಲೆ ತೋರಿಸಬೇಡಿ. ಅಕ್ಕನ ಒಳಗೂ ಭಯ ಇರುತ್ತದೆ. ಮೂರು ವರ್ಷ ಎದೆಗೆ ಹಾಕಿಕೊಂಡು ಬೆಳೆಸಿದ ಮಗು ಯಾವತ್ತು ಹೋಗುತ್ತದೋ ಅಂತ ಅವಳು ಪ್ರತಿ ಭಾನುವಾರ ನಿಮ್ಮ ದಾರಿ ನೋಡುವಾಗ ಅಂದುಕೊಳ್ಳುತ್ತಿರಬೇಕು. ಏನೇ ಆದರೂ ಮಗಳು ನಿನ್ನಿಂದ ದೂರ ಆಗೋದಿಲ್ಲ ಅಂತ ಒಮ್ಮೆ ಬಾಯಿ ಬಿಟ್ಟು ಅವಳಿಗೆ ಹೇಳಿ.

ಹೋಗುವಾಗ ದೊಡ್ಡ ಗೊಂಬೆ, ಚಾಕಲೇಟ್ ಡಬ್ಬ ಒಯ್ಯಬೇಡಿ. ನಿಮಗೆ ಹೊಲಿಗೆ ಬರುತ್ತದೆ. ಒಂದು ಲಂಗದ ಬಟ್ಟೆ ತೆಗೆದುಕೊಂಡು ಹೋಗಿ, ಅವಳ ಸೊಂಟಕ್ಕೆ ಟೇಪು ಹಿಡಿದು ಅಳತೆ ತೆಗೆಯಿರಿ. ಅಳತೆ ತೆಗೆಯುವಾಗ ಮಗು ಅಲುಗದೆ ನಿಲ್ಲಬೇಕು, ನಿಮ್ಮ ಕೈ ಅವಳ ಮೈ ಮೇಲೆ ಇರುತ್ತದೆ. ಅವಳು ನಿಲ್ಲದಿದ್ದರೆ ಟೇಪನ್ನು ಅಕ್ಕನ ಕೈಗೆ ಕೊಡಿ. ಅಕ್ಕ ಅಳತೆ ಹೇಳಲಿ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ.